ಎಲ್ಲರೂ ಮೆಚ್ಚಿದ ಹಾಡು ನಮಗೆ ಹಿಡಿಸದಿದ್ದರೆ

ಕೇಳುಗರಿಗೆ ನಮಸ್ಕಾರ.

ಲಂಡನ್ನಿಗೋ ನ್ಯೂಯಾರ್ಕಿಗೋ ಹೋದ ನಮ್ಮವರು ದುಬಾರಿ ಟಿಕೆಟ್ ಕೊಂಡು ಅಲ್ಲಿನ ಹೆಸರುವಾಸಿ ಸಂಗೀತ ನಾಟಕ ನೋಡುತ್ತಾರೆ. ಕೊನೆಗೆ ಸುತ್ತಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಇವರ ಮನಸ್ಸಿಗೆ ಮಾತ್ರ ಏನೂ ತಟ್ಟಿರುವುದಿಲ್ಲ. ‘ನಮಗೆ ಆ ಸಂಗೀತ ಗೊತ್ತಾಗಲ್ಲ ಬಿಡಿ’ ಎಂದು ಸುಮ್ಮನಾಗಿಬಿಡುತ್ತಾರೆ. ಗೊತ್ತಾಗದೆ ಇರುವುದು ಬೇರೆ, ಹಿಡಿಸದೆ ಇರುವುದು ಬೇರೆ. ಯಾವುದು ಹಿಡಿಸಲಿಲ್ಲ ಎಂಬುದನ್ನು ಕಿವಿಯಿಂದಲೇ ಪತ್ತೆ ಹಚ್ಚಬಹುದು.

‘ಲೆ ಮಿಸರಾಬ್ಲ್’ ತೆಗೆದುಕೊಳ್ಳಿ. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಕಾದಂಬರಿ ಅದರ ಮೂಲ. ಇಂಗ್ಲಿಷ್ ನಾಟಕ 1985ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿ ಶುರುವಾದಾಗ ಹಲವು ವಿಮರ್ಶಕರು ಕಟುವಾಗಿಯೇ ಬರೆದರು; ಜನ ಟಿಕೆಟ್ ಕೊಳ್ಳುತ್ತಲೇ ಹೋದರು. ಇದರಲ್ಲಿ ಬರೀ ಮಾತು ಇಲ್ಲವೆನ್ನುವಷ್ಟು ಕಡಿಮೆ, ಜಗಳವೂ ಹಾಡೇ, ಲೆಕ್ಕಾಚಾರವೂ ಹಾಡೇ. ಅಷ್ಟು ಹೊತ್ತನ್ನು ಬರೀ ಹೊಸ ಮಟ್ಟುಗಳಿಂದ ತುಂಬಿಲ್ಲ. ಹಳೆಯ ಮಟ್ಟೇ ಬೇರೆ ಮಾತು ಹೊತ್ತು ಮತ್ತೆ ಮತ್ತೆ ಬರುತ್ತದೆ. ಬೇಸರದ ಮೊದಲ ಬೇರು ಇಲ್ಲಿರಬಹುದು.

ಆದರೆ ಎಲ್ಲ ಮರುಬಳಕೆಯೂ ಒಂದೇ ತೂಕದ್ದಲ್ಲ. ಕಳ್ಳತನವನ್ನು ಮನ್ನಿಸಿದ ಪಾದ್ರಿಯ ಕರುಣೆಗೆ ತತ್ತರಿಸಿದ ಕಥಾನಾಯಕ, ಮಾಜಿ ಕೈದಿ ಜಾನ್ ವಾಲ್‌ಜಾನ್ ತನ್ನೊಳಗೆ ಹೊಯ್ದಾಡುವ ಮಟ್ಟು, ಅವನ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಜಾವೇರ್ ನದಿಗೆ ಹಾರುವ ಮುನ್ನ ತಿರುಗಿ ಬರುತ್ತದೆ. ಒಬ್ಬ ಕರುಣೆಯನ್ನು ಒಪ್ಪಿ ಬದುಕಿದ, ಇನ್ನೊಬ್ಬ ಒಪ್ಪಲಾರದೆ ಸತ್ತ. ಅಲ್ಲಿ ಮಟ್ಟೇ ಕಥೆ ಹೇಳುತ್ತದೆ. ಅದೇ ಪಾದ್ರಿ ಹಾಡುವ ಸಾಲಿನ ಮಟ್ಟು ಕೊನೆಯ ಭಾಗದಲ್ಲಿ, ದಂಗೆಯಲ್ಲಿ ಸತ್ತ ಗೆಳೆಯರಿಗಾಗಿ ಯುವಕ ಮಾರಿಯಸ್ ಅಳುವ ಹಾಡಿನಲ್ಲಿ ಕೇಳಿಸುತ್ತದೆ. ಈ ನಂಟು ಸಡಿಲ, ಎಳೆದು ಕಟ್ಟಿದಂತಿದೆ. ‘ಬರೀ ಪುನರಾವರ್ತನೆ’ ಎಂದು ದೂರುವವರು ಈ ಎರಡನ್ನೂ ಬೇರೆ ಮಾಡಿ ಕೇಳಬೇಕು.

ಇನ್ನು ಶ್ರುತಿ. ಈ ಬಗೆಯ ಹಾಡುಗಳಲ್ಲಿ ಕೊನೆಯ ಚರಣಕ್ಕೆ ಆಧಾರ ಶ್ರುತಿಯನ್ನೇ ಏರಿಸುವ ರೂಢಿ ಇದೆ. ಹಾರ್ಮೋನಿಯಂನ ಒಂದನೇ ಮನೆಯ ಶ್ರುತಿಯಲ್ಲಿದ್ದ ಹಾಡು ಒಂದೂವರೆಗೋ ಎರಡಕ್ಕೋ ಹಾರುತ್ತದೆ. ತಂಬೂರಿಯ ಷಡ್ಜಕ್ಕೆ ಒಗ್ಗಿದ ಕಿವಿಗೆ ಇದು ನೆಲ ಜರುಗಿದಂತೆ. ಜೊತೆಗೆ ನಾವು ಗಾಯಕರ ದಾರಿಯನ್ನಷ್ಟೇ ಹಿಂಬಾಲಿಸುತ್ತೇವೆ. ಅಲ್ಲಿ ಭಾವದ ಬಹುಪಾಲು ಹೊತ್ತಿರುವುದು ಅಡಿಯಲ್ಲಿ ಬದಲಾಗುವ ಸ್ವರಗುಚ್ಛಗಳು, ಅಂದರೆ ಒಟ್ಟಿಗೆ ನುಡಿಯುವ ಹಲವು ಸ್ವರಗಳು. ಒಂದೇ ಹಾಡನ್ನು ಮೂರು ಸಲ ಕೇಳಿ. ಮೊದಲು ಸಾಹಿತ್ಯ. ಎರಡನೇ ಸಲ ತಳದ ಮಂದ್ರ ಸ್ವರ ಮಾತ್ರ. ಇದಕ್ಕೆ ಮೊಬೈಲಿನ ಸ್ಪೀಕರ್ ಸಾಲದು, ಮಂದ್ರವೇ ಕೇಳಿಸುವುದಿಲ್ಲ, ಇಯರ್‌ಫೋನ್ ಬೇಕು. ಮೂರನೇ ಸಲ ಇಡಿಯಾಗಿ. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ.

ಎಷ್ಟೋ ಸಲ ತಪ್ಪು ಹಾಡಿನದ್ದಲ್ಲ, ಕುರ್ಚಿಯದ್ದು. ಶಬ್ದ 34 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಬಾಲ್ಕನಿಯ ಕೆಳಗೆ, ವೇದಿಕೆಯಿಂದ 24 ಮೀಟರ್ ದೂರ ಕೂತವರಿಗೆ ನಟರ ದನಿ ತಲುಪಲು ಸುಮಾರು 70 ಮಿಲಿಸೆಕೆಂಡು. ತಲೆಯ ಮೇಲಿನ ಸ್ಪೀಕರ್ ಮಾತ್ರ ತಂತಿಯಿಂದ ಆ ಕ್ಷಣವೇ ನುಡಿಯುತ್ತದೆ. ಅದನ್ನು ಅಷ್ಟೇ ತಡಮಾಡಿ ಹೊಂದಿಸದಿದ್ದರೆ ಪ್ರತಿ ಅಕ್ಷರವೂ ಎರಡೆರಡು ಸಲ ಬಿದ್ದು ಮಾತು ಕಲಸಿಹೋಗುತ್ತದೆ. ವಾದ್ಯಮೇಳವೂ ಮೊದಲಿನಂತಿರಲಿಕ್ಕಿಲ್ಲ. ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ಇನ್ನೊಂದು ಸಂಗೀತ ನಾಟಕ ಲಂಡನ್ನಿನಲ್ಲಿ 2021ರಲ್ಲಿ ಮತ್ತೆ ತೆರೆದಾಗ 27 ವಾದ್ಯಗಾರರಿದ್ದ ಕಡೆ 14 ಮಂದಿ ಉಳಿದಿದ್ದರು. ಧ್ವನಿಮುದ್ರಿಕೆ ಮೆಚ್ಚಿ ಹೋದವರಿಗೆ ಸಭಾಂಗಣದಲ್ಲಿ ನಾದ ತೆಳುವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಬಾನುಲಿಗೂ ಇಂಥದೊಂದು ಇಷ್ಟವಿಲ್ಲದ ನಾದವಿತ್ತು: ಹಾರ್ಮೋನಿಯಂ. ಸ್ವರದಿಂದ ಸ್ವರಕ್ಕೆ ಜಾರಲಾರದು, ಗಮಕ ಹಿಡಿಯದು, ಅದರ ಹನ್ನೆರಡು ಮನೆಗಳು ನಮ್ಮ ಸ್ವರಸ್ಥಾನಗಳಿಗೆ ಸರಿಯಾಗಿ ಕೂಡುವುದಿಲ್ಲ ಎಂಬುದು ಆಕ್ಷೇಪ. ಕಾರಣ ಖಚಿತವಾಗಿತ್ತು, ನ್ಯಾಯವಾಗಿಯೂ ಇತ್ತು. ಆದರೆ 1940ರಲ್ಲಿ ಆಕಾಶವಾಣಿ ಆ ಆಕ್ಷೇಪವನ್ನೇ ನಿಷೇಧವಾಗಿಸಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟೂ ಕಾಲ ನಮ್ಮ ಕಂಪನಿ ನಾಟಕಗಳ ಮೇಳದಲ್ಲಿ ಕಾಲಿನಿಂದ ತಿದಿ ತುಳಿಯುವ ಲೆಗ್ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಅಲ್ಲಿ ಬೇಕಾದದ್ದು ನವಿರಾದ ಗಮಕವಲ್ಲ, ಕೊನೆಯ ಸಾಲಿನವರೆಗೆ ಶ್ರುತಿ ಮುಟ್ಟಿಸುವ ಗಟ್ಟಿ ನಾದ. ಎರಡೂ ಕೈ ಬಿಡುವಾಗಿದ್ದರಿಂದ ಮಟ್ಟನ್ನು ತುಂಬಾಗಿ ನುಡಿಸಲೂ ಬರುತ್ತಿತ್ತು.

ನಮಸ್ಕಾರ.