ಇದು ಮೀಟುವ ವಾದ್ಯ: ದೊಮೆನಿಕೊ ಸ್ಕಾರ್ಲಾಟಿ

ಕೇಳುಗರಿಗೆ ನಮಸ್ಕಾರ. ಇಂದು ನಾನು ಹೇಳಹೊರಟಿರುವುದು ಹಾರ್ಪ್ಸಿಕಾರ್ಡ್ ಸಂಗೀತದ ಸಂಯೋಜಕ ದೊಮೆನಿಕೊ ಸ್ಕಾರ್ಲಾಟಿಯ ವಿಷಯ. ಅದಕ್ಕೂ ಮೊದಲು ಒಂದು ವಿನಂತಿ. ಹಾರ್ಪ್ಸಿಕಾರ್ಡ್ ಕೂಡ ಪಿಯಾನೊದಂತೆ ಕೀಲಿಗಳನ್ನು ಒತ್ತಿ ನುಡಿಸುವ ವಾದ್ಯವೇ, ಆದರೆ ಅದನ್ನು ದಯವಿಟ್ಟು ‘ಪಿಯಾನೊದ ಅಜ್ಜ’ ಎನ್ನಬೇಡಿ. ಪಿಯಾನೊದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಇಲ್ಲಿ ಬೆರಳೊತ್ತಿದಾಗ ತೆಳ್ಳನೆಯ ಮರದ ಪಟ್ಟಿಯೊಂದು ಮೇಲೇಳುತ್ತದೆ. ಅದರಲ್ಲಿ ಸಿಕ್ಕಿಸಿದ ಹಕ್ಕಿಗರಿಯ ಚೂರು ತಂತಿಯನ್ನು ಮೀಟುತ್ತದೆ, ವೀಣೆಯನ್ನು ಮೀಟಿದ ಹಾಗೆ. ಮೆಲ್ಲಗೆ ಒತ್ತಿ, ಗುದ್ದಿ, ದನಿ ಅಷ್ಟೇ. ಇದು ಮೀಟುವ ವಾದ್ಯ.

ಸ್ಕಾರ್ಲಾಟಿ ಹುಟ್ಟಿದ್ದು 1685ರಲ್ಲಿ, ನೇಪಲ್ಸ್‌ನಲ್ಲಿ. ಸಂಯೋಜಕರಾದ ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ್ದೂ ಅದೇ ವರ್ಷ. ತಂದೆ ಅಲೆಸ್ಸಾಂಡ್ರೊ ಹೆಸರಾಂತ ಒಪೆರಾ ಸಂಯೋಜಕ.

ಸಂಗೀತ ಚರಿತ್ರೆಕಾರ ಚಾರ್ಲ್ಸ್ ಬರ್ನಿ ಬರೆದಿಟ್ಟ ಒಂದು ಪ್ರಸಂಗ ಕೇಳಿ. ವೆನಿಸ್‌ನಲ್ಲಿ ಒಬ್ಬ ಸಿರಿವಂತನ ಮನೆ. ಡಬ್ಲಿನ್‌ನಿಂದ ಬಂದಿದ್ದ ಥಾಮಸ್ ರೋಸಿಂಗ್ರೇವ್ ಎಂಬ ತರುಣನನ್ನು ಹಾರ್ಪ್ಸಿಕಾರ್ಡ್ ನುಡಿಸಲು ಕರೆದರು. ಆತ ಹುರುಪಿನಿಂದ ನುಡಿಸಿದ, ಎಲ್ಲರೂ ಮೆಚ್ಚಿದರು. ಮೂಲೆಯಲ್ಲಿ ಕಪ್ಪು ಉಡುಪಿನ, ಕಪ್ಪು ಟೋಪನ್ ತೊಟ್ಟ ಗಂಭೀರ ಯುವಕನೊಬ್ಬ ಸದ್ದಿಲ್ಲದೆ ನಿಂತು ಕೇಳುತ್ತಿದ್ದ. ಅವನನ್ನೂ ನುಡಿಸಲು ಕೂರಿಸಿದರು. ನುಡಿಸತೊಡಗಿದ್ದೇ ತಡ, ಸಾವಿರ ದೆವ್ವಗಳು ವಾದ್ಯದೊಳಗೆ ಹೊಕ್ಕಂತೆ ರೋಸಿಂಗ್ರೇವ್‌ಗೆ ಅನ್ನಿಸಿತು. ಕೈಗೆ ಆಯುಧ ಸಿಕ್ಕಿದ್ದರೆ ತನ್ನ ಬೆರಳುಗಳನ್ನೇ ಕತ್ತರಿಸಿಕೊಳ್ಳುತ್ತಿದ್ದನಂತೆ! ಆ ಕಪ್ಪು ಉಡುಪಿನ ಯುವಕನೇ ಸ್ಕಾರ್ಲಾಟಿ. ಒಂದು ತಿಂಗಳು ರೋಸಿಂಗ್ರೇವ್ ವಾದ್ಯ ಮುಟ್ಟಲಿಲ್ಲ. ಆದರೆ ಹೊಟ್ಟೆಕಿಚ್ಚು ಪಡಲಿಲ್ಲ, ನೋಡಿ. ಮುಂದೆ 1739ರಲ್ಲಿ ಲಂಡನ್‌ನಲ್ಲಿ ಸ್ಕಾರ್ಲಾಟಿಯ ಸೊನಾಟಾಗಳನ್ನು, ಅಂದರೆ ವಾದ್ಯಕ್ಕೆಂದೇ ಬರೆದ ಕೃತಿಗಳನ್ನು, ಅಚ್ಚು ಹಾಕಿಸಿದವನು ಇದೇ ರೋಸಿಂಗ್ರೇವ್. ಎಷ್ಟು ಸಲ ಹೇಳಿದರೂ ನನಗೆ ತಣಿಯದ ಕತೆ ಇದು.

ಸಮಯ ಓಡುತ್ತಿದೆ. ಮುಂದೆ ಸ್ಕಾರ್ಲಾಟಿ ಲಿಸ್ಬನ್‌ನಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಮರಿಯಾ ಬಾರ್ಬರಾಗೆ ಗುರುವಾದ. ಆಕೆ ಮದುವೆಯಾಗಿ ಸ್ಪೇನ್‌ಗೆ ಹೋದಾಗ ಹಿಂದೆಯೇ ಹೋಗಿ, 1757ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಉಳಿದಿರುವುದು 555 ಸೊನಾಟಾಗಳು.

ಬೆರಳ ಬಲದಿಂದ ದನಿ ಏರದಿದ್ದರೆ ಆವೇಶ ತರುವುದು ಹೇಗೆ? ಸ್ಕಾರ್ಲಾಟಿ ಒಂದೇ ಏಟಿಗೆ ಹೆಚ್ಚು ತಂತಿಗಳನ್ನು ಮೀಟಿಸಿದ. ಒಂದಕ್ಕೊಂದು ಒಗ್ಗದ ಪಕ್ಕಪಕ್ಕದ ಸ್ವರಗಳನ್ನೂ ಒಟ್ಟಿಗೆ ತುರುಕಿದ. ಸ್ಪೇನಿನ ಗಿಟಾರನ್ನು ಬೀಸಿ ಬಾರಿಸಿದಂತೆ ಕೇಳಿಸುತ್ತದೆ. ಮೀಟುವ ವಾದ್ಯವೆಂದು ಅರಿತವನಿಗಷ್ಟೇ ಹೊಳೆಯುವ ಉಪಾಯ.

ಈಗ, ಈ ಸೊನಾಟಾಗಳಿಗೆ ಕ್ರಮಸಂಖ್ಯೆ ಕೊಟ್ಟ ಕರ್ಕ್‌ಪ್ಯಾಟ್ರಿಕ್ ಎಂಬವರ ಪಟ್ಟಿಯ 141ನೆಯ ಸೊನಾಟಾ ಕೇಳಿ. ಬಲಗೈ ಒಂದೇ ಸ್ವರವನ್ನು ಮಿಂಚಿನಂತೆ ಮತ್ತೆ ಮತ್ತೆ ನುಡಿಸುವಾಗ ಎಡಗೈಯ ಕಡೆಗೆ ಕಿವಿಗೊಡಿ.