ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಡಿಗೆ ಸೈಕಲ್

ಕೇಳುಗರಿಗೆ ನಮಸ್ಕಾರ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಡಿಗೆ ಸೈಕಲ್ ಹತ್ತಿದ ನಮ್ಮವರನ್ನು ಮೊದಲು ತಬ್ಬಿಬ್ಬು ಮಾಡುವುದು ಬ್ರೇಕು. ಟ್ರಾಫಿಕ್ಕಿನ ಸರದಿ ಆಮೇಲೆ. ಎದುರಿಗೆ ಯಾರೋ ಅಡ್ಡ ಬರುತ್ತಾರೆ, ಬೆರಳುಗಳು ಹ್ಯಾಂಡಲ್ಲಿನ ಕೆಳಗೆ ತಡಕಾಡುತ್ತವೆ, ಅಲ್ಲಿ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿನ ಸಾದಾ ಸೈಕಲ್ಲಿಗೆ ಬ್ರೇಕು ಕಾಲಿನಲ್ಲಿದೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಡಚ್ಚರು ಇದಕ್ಕೆ 'ತೆರುಖ್‌ಟ್ರಾಪ್‌ರೆಮ್' ಅನ್ನುತ್ತಾರೆ, ಹಿಂದಕ್ಕೆ ತುಳಿಯುವ ಬ್ರೇಕು ಅಂತಲೇ ಅರ್ಥ.

ಇದನ್ನು ಅಂಗಡಿಯ ಮುಂದೆಯೇ ಅಭ್ಯಾಸ ಮಾಡಿಕೊಳ್ಳಬೇಕು. ಎರಡೂ ಪೆಡಲ್ ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ ಇರುವಾಗ ತುಳಿದರೆ ಬ್ರೇಕು ಗಟ್ಟಿಯಾಗಿ ಹಿಡಿಯುತ್ತದೆ. ಒಂದು ಮೇಲೆ ಒಂದು ಕೆಳಗೆ ಇರುವಾಗ ಕಾಲಿನ ಬಲವೇ ತಗಲುವುದಿಲ್ಲ. ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕು ಇರುವುದರಿಂದ ನಿಲ್ಲುವುದಕ್ಕೆ ಜಾಗವೂ ಹೆಚ್ಚು ಬೇಕು. ಇನ್ನೊಂದು ಫಜೀತಿ ಸಿಗ್ನಲ್ಲಿನಲ್ಲಿ ಗೊತ್ತಾಗುತ್ತದೆ. ನಮ್ಮ ಸೈಕಲ್ಲಿನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಅನುಕೂಲವಾದ ಕಡೆ ತಂದುಕೊಳ್ಳುತ್ತೇವಲ್ಲ, ಇಲ್ಲಿ ಅದು ಆಗದು. ತಿರುಗಿಸಲು ಹೋದರೆ ಬ್ರೇಕು ಹಿಡಿದುಬಿಡುತ್ತದೆ. ಹಾಗಾಗಿ ನಿಲ್ಲುವಾಗಲೇ ಬಲಗಾಲಿನ ಪೆಡಲ್ ಸ್ವಲ್ಪ ಮೇಲೆ, ಮುಂದಕ್ಕೆ ಬರುವಂತೆ ನೋಡಿಕೊಳ್ಳಿ. ತಪ್ಪಿದರೆ ಹಿಂದಿನ ಚಕ್ರವನ್ನು ಕ್ಯಾರಿಯರ್ ಹಿಡಿದು ಎತ್ತಿ, ಪೆಡಲನ್ನು ಮುಂದಕ್ಕೆ ತಿರುಗಿಸಬೇಕು. ಹಿಂದೆ ಹತ್ತು ಸೈಕಲ್ ಕಾಯುತ್ತಿರುವಾಗ ಅದೊಂದು ಮುಜುಗರ.

ಕಾಲುಬ್ರೇಕಿಗೆ ಒಂದು ದೌರ್ಬಲ್ಯವಿದೆ. ಚೈನು ಬಿಚ್ಚಿಕೊಂಡರೆ ಬ್ರೇಕೂ ಹೋಯಿತು. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಇರುವುದರಿಂದ ಸಡಿಲವಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ತುಳಿಯುವಾಗ ಡಬ್ಬಿಗೆ ಚೈನು ಬಡಿಯುವ ಟಕಟಕ ಸದ್ದು ಬಂದರೆ ಬೇರೆ ಸೈಕಲ್ ಕೇಳಿ. ಕಾಲುಬ್ರೇಕು ಬೇಡವೇ ಬೇಡ ಅನ್ನುವವರಿಗೆ ಕೈಬ್ರೇಕು, ಮೂರು ಗೇರು ಇರುವ ಸೈಕಲ್ ಸಿಗುತ್ತದೆ, ದಿನಕ್ಕೆ ಕೆಲವು ಯೂರೋ ಹೆಚ್ಚು. ಮೊದಲ ಸಲ ಹೋಗುವವರು ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಅಲ್ಲಿ ಉಳಿಸುವ ಮೂರು ಯೂರೋಗೆ ಅರ್ಥವಿಲ್ಲ.

ಇನ್ನು ಅಳತೆ. ಡಚ್ ಗಂಡಸಿನ ಸರಾಸರಿ ಎತ್ತರ 183 ಸೆಂಟಿಮೀಟರ್ ಆಸುಪಾಸು, ಸೈಕಲ್ಲುಗಳೂ ಅದಕ್ಕೆ ತಕ್ಕ ಹಾಗೆ. ಐದಡಿ ಮೂರಿಂಚಿನವರು ಕೌಂಟರಿನಲ್ಲಿ ಕೊಟ್ಟದ್ದನ್ನು ಹತ್ತಿದರೆ ಕಾಲು ನೆಲಕ್ಕೆ ಎಟುಕದು. ಮಧ್ಯದ ಅಡ್ಡ ದಂಡ ಇಲ್ಲದ, ನಾವು ಲೇಡೀಸ್ ಸೈಕಲ್ ಅನ್ನುವ ನಮೂನೆ ಅಲ್ಲಿ ಗಂಡಸರಿಗೂ ಸಾಮಾನ್ಯ. ಅದರ ಹೆಸರು 'ಓಮಾಫೀಟ್ಸ್', ಅಂದರೆ ಅಜ್ಜಿ ಸೈಕಲ್. ಅದರಲ್ಲಿ ಚಿಕ್ಕ ಫ್ರೇಮು ಕೇಳಿ, ಸೀಟನ್ನು ಪೂರ್ತಿ ಇಳಿಸಿಸಿಕೊಳ್ಳಿ. ಸೀಟಿನಲ್ಲಿ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಬೇಕು. ಮೊಣಕಾಲಿಗೆ ಇದು ತುಸು ಕಷ್ಟವೇ, ಆದರೂ ಮೊದಲ ದಿನ ಧೈರ್ಯ ಮುಖ್ಯ. ಎರಡನೇ ದಿನ ಸೀಟನ್ನು ಎರಡು ಬೆರಳಿನಷ್ಟು ಏರಿಸಿಕೊಂಡರಾಯಿತು. ಸೀರೆ ಉಟ್ಟವರಿಗೆ ಒಂದು ಸಮಾಧಾನ: ಹಿಂದಿನ ಚಕ್ರದ ಮೇಲರ್ಧಕ್ಕೆ ಬಟ್ಟೆ ಸಿಕ್ಕದ ಹಾಗೆ ಮರೆ ಕಟ್ಟಿರುತ್ತಾರೆ. ದುಪಟ್ಟವನ್ನು ಮಾತ್ರ ಸೊಂಟಕ್ಕೆ ಬಿಗಿಯಿರಿ.

ಬಾಡಿಗೆ ಎಷ್ಟು? ಸಾದಾ ಸೈಕಲ್ಲಿಗೆ ದಿನಕ್ಕೆ ಸುಮಾರು 10ರಿಂದ 16 ಯೂರೋ. ಬ್ಯಾಟರಿ ಸೈಕಲ್ಲಿಗೆ ಅದರ ಎರಡು ಪಟ್ಟಿಗೂ ಮೇಲೆ. ಗುರುತಿನ ಚೀಟಿ ಕೇಳುತ್ತಾರೆ, ಸಾಮಾನ್ಯವಾಗಿ 50ರಿಂದ 100 ಯೂರೋ ಠೇವಣಿ ಇರಿಸಿಕೊಳ್ಳುತ್ತಾರೆ, ಇಲ್ಲವೇ ಅಷ್ಟು ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಪಾಸ್‌ಪೋರ್ಟ್ ತೋರಿಸಿ, ಬಿಟ್ಟು ಬರಬೇಡಿ. 'ಒಂದು ದಿನ' ಅಂದರೆ 24 ಗಂಟೆಯೋ, ಸಂಜೆ ಅಂಗಡಿ ಮುಚ್ಚುವವರೆಗೋ ಅಂತ ಮೊದಲೇ ಕೇಳಿ. ಕಳ್ಳತನದ ವಿಮೆ ಬೇಕೇ ಅಂದರೆ ಬೇಕು ಅನ್ನಿ. ಆ ಊರಿನಲ್ಲಿ ಸೈಕಲ್ ಕದಿಯುವುದು ಒಂದು ಕಸುಬು. ಯಾರಾದರೂ ಕಾಲುವೆಯ ಸೇತುವೆ ಮೇಲೆ ನಿಲ್ಲಿಸಿ, ಅಗ್ಗಕ್ಕೆ ಸೈಕಲ್ ಕೊಡುತ್ತೇನೆ ಅಂದರೆ ಅದು ಕದ್ದ ಮಾಲೇ, ಕೊಂಡವರೂ ಅಪರಾಧಿಗಳೇ.

ರೈಲು ನಿಲ್ದಾಣಗಳಲ್ಲಿ ಹಳದಿ–ನೀಲಿ ಬಣ್ಣದ 'ಓವೇ ಫೀಟ್ಸ್' ಸೈಕಲ್ಲುಗಳು ಸಾಲಾಗಿ ಕಾಣುತ್ತವೆ. ಬಾಡಿಗೆ ತೀರಾ ಕಡಿಮೆ, ನೋಡಿದರೆ ಆಸೆಯಾಗುತ್ತದೆ. ಆದರೆ ಅವು ಸಾರಿಗೆ ಕಾರ್ಡನ್ನು ಹೆಸರಿಗೆ ನೋಂದಾಯಿಸಿಕೊಂಡ ಅಲ್ಲಿನ ನಿವಾಸಿಗಳಿಗೆ ಹೊಂದುವ ವ್ಯವಸ್ಥೆ. ಆಮ್‌ಸ್ಟೆಲ್‌ವೇನ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಮಗ–ಸೊಸೆ ಕೆಲಸದಲ್ಲಿದ್ದರೆ ಅವರ ಕಾರ್ಡಿನಲ್ಲಿ ತೆಗೆಸಿಕೊಳ್ಳಬಹುದು. ತೆಗೆದ ನಿಲ್ದಾಣಕ್ಕೇ ಹಿಂದಿರುಗಿಸಬೇಕು, ಬೇರೆ ಕಡೆ ಬಿಟ್ಟರೆ ದಂಡ ಬೀಳುತ್ತದೆ.

ಬೀಗದ ವಿಚಾರಕ್ಕೆ ಬರೋಣ. ಎರಡು ಬೀಗ ಕೊಡುತ್ತಾರೆ. ಒಂದು ಹಿಂದಿನ ಚಕ್ರಕ್ಕೆ ಬಳೆಯ ಹಾಗೆ ಇರುವುದು, ನಮ್ಮೂರಿನ ಕರಿ ಸೈಕಲ್ಲುಗಳಲ್ಲಿ ಇದ್ದಂಥದ್ದೇ. ಬೀಗ ತೆರೆದಿರುವಾಗ ಕೀಲಿ ಅದರಲ್ಲೇ ಸಿಕ್ಕಿಕೊಂಡಿರುತ್ತದೆ, ಹಾಕಿದ ಮೇಲಷ್ಟೇ ಕೈಗೆ ಬರುತ್ತದೆ. ಎರಡನೆಯದು ದಪ್ಪ ಸರಪಳಿ. ಬಳೆ ಬೀಗವೊಂದನ್ನೇ ಹಾಕಿ ಹೋದರೆ ಸೈಕಲ್ಲನ್ನು ಅನಾಮತ್ತಾಗಿ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗುತ್ತಾರೆ. ಸರಪಳಿ ಮುಂದಿನ ಚಕ್ರದೊಳಗೆ, ಫ್ರೇಮಿನೊಳಗೆ ಹಾದು, ನೆಲಕ್ಕೆ ಊರಿದ ಕಂಬಿಯನ್ನು ಸುತ್ತಿ ಬರಬೇಕು. ಎರಡು ಬೀಗದ ಕೀಲಿಯನ್ನೂ ಜೋಪಾನ ಮಾಡಿ. ಸೈಕಲ್ ಕಳೆದುಹೋದರೆ ಹೆಚ್ಚಿನ ಅಂಗಡಿಗಳು ಮೊದಲು ಕೇಳುವುದು ಕೀಲಿಯನ್ನೇ. ಕೀಲಿ ಇಲ್ಲದಿದ್ದರೆ ಬೀಗ ಹಾಕಿರಲಿಲ್ಲ ಅಂತ ಲೆಕ್ಕ, ವಿಮೆ ಇದ್ದರೂ ಪೂರ್ತಿ ಬೆಲೆ ತೆರಬೇಕಾದೀತು. ಹೊರಡುವಾಗ ಬಳೆ ಬೀಗ ತೆಗೆಯದೆ ಜೋರಾಗಿ ತಳ್ಳಿದರೆ ಕಡ್ಡಿಗಳು ಬಾಗುತ್ತವೆ. ಆ ರಿಪೇರಿಯೂ ನಿಮ್ಮ ಲೆಕ್ಕಕ್ಕೆ.

ಎಲ್ಲೆಂದರಲ್ಲಿ ನಿಲ್ಲಿಸಿದರೆ ನಗರಸಭೆಯವರು ಸರಪಳಿ ಕತ್ತರಿಸಿ ಊರಾಚೆಯ ಡಿಪೋಗೆ ಒಯ್ಯುತ್ತಾರೆ. ಸೆಂಟ್ರಲ್ ರೈಲು ನಿಲ್ದಾಣದ ಮುಂದೆ ನೀರಿನ ಕೆಳಗೇ ಒಂದು ಸೈಕಲ್ ನಿಲ್ದಾಣ ಕಟ್ಟಿದ್ದಾರೆ, 2023ರಲ್ಲಿ ತೆರೆಯಿತು, 7,000 ಸೈಕಲ್ ಹಿಡಿಸುತ್ತದೆ. ಮೊದಲ 24 ಗಂಟೆ ಪುಕ್ಕಟೆ. ಒಳಗೆ ಬಿಟ್ಟ ಮೇಲೆ ಸಾಲಿನ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಅಷ್ಟೂ ಕರಿ ಸೈಕಲ್ಲುಗಳು ಒಂದೇ ಥರ ಕಾಣುತ್ತವೆ. ಹ್ಯಾಂಡಲ್ಲಿಗೆ ಒಂದು ಬಣ್ಣದ ದಾರ ಕಟ್ಟಿದರೆ ಇನ್ನೂ ವಾಸಿ.

ಈಗ ರಸ್ತೆ. ಅಲ್ಲಿ ಬಲಬದಿಯ ಸಂಚಾರ. ನೇರ ಹೋಗುವಾಗ ಇದು ನೆನಪಿರುತ್ತದೆ, ತಿರುವಿನಲ್ಲಿ ಮೈಮರೆತು ಎಡಕ್ಕೆ ಸೇರಿಬಿಡುತ್ತೇವೆ. ಖಾಲಿ ರಸ್ತೆಯಲ್ಲಿ ಎಡಕ್ಕೆ ಹೊರಳುವಾಗಲೇ ಈ ತಪ್ಪು ಹೆಚ್ಚು, ನೋಡಿ ನಡೆಯಲು ಮುಂದೆ ಯಾರೂ ಇರುವುದಿಲ್ಲವಲ್ಲ. ಕೆಂಪು ಡಾಂಬರಿನ ದಾರಿ ಸೈಕಲ್ಲಿನದು. ನಿಧಾನ ಹೋಗುವವರು ಬಲಕ್ಕೆ ಒತ್ತಿಕೊಳ್ಳಬೇಕು, ಎಡದಿಂದ ಬೆಲ್ ಬಾರಿಸಿ ದಾಟುತ್ತಾರೆ. ಬೆಲ್ಲು ಬೈಗುಳವಲ್ಲ, ಬರುತ್ತಿದ್ದೇನೆ ಅನ್ನುವ ಸೂಚನೆ. ಹಾದಿಯ ನಡುವೆ ನಿಂತು ಫೋಟೋ ತೆಗೆದರೆ ಮಾತ್ರ ಬೈಗುಳವೂ ಸಿಗುತ್ತದೆ. ತಿರುಗುವ ಮುನ್ನ ಆ ಕಡೆಯ ಕೈ ಚಾಚಬೇಕು.

ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ಕಂಡರೆ, ಮೊನೆ ನಿಮ್ಮ ಕಡೆಗೆ ಇದ್ದರೆ, ಅಡ್ಡ ಬರುವವರಿಗೆ ದಾರಿ ಬಿಡಿ. ಅದಕ್ಕೆ ಅವರು ಶಾರ್ಕ್ ಹಲ್ಲು ಅನ್ನುತ್ತಾರೆ. ಗುರುತೇ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಟ್ರಾಮು ಮಾತ್ರ ಯಾವ ಕಡೆಯಿಂದ ಬಂದರೂ ಅದಕ್ಕೇ ದಾರಿ. ಟ್ರಾಮ್ ಹಳಿಯ ಸಂದು ನಿಮ್ಮ ಟೈರನ್ನು ನುಂಗುವಷ್ಟು ಅಗಲವಿದೆ. ಹಳಿಗೆ ಸಮಾನಾಂತರವಾಗಿ ಹೋಗಿ ಓರೆಯಾಗಿ ದಾಟಲು ನೋಡಿದರೆ ಚಕ್ರ ಸಿಕ್ಕಿ, ಸವಾರ ಹ್ಯಾಂಡಲ್ ಮೇಲಿಂದ ಹೋಗುತ್ತಾನೆ. ತುಸು ಅಗಲಕ್ಕೆ ಸುತ್ತಿ, ಆದಷ್ಟು ನೇರ ಅಡ್ಡಕ್ಕೆ ದಾಟಿ. ಮಳೆಯಲ್ಲಿ ಹಳಿಯ ಮೇಲೆ ಬ್ರೇಕು ಹಾಕಬೇಡಿ.

ಸೈಕಲ್ ಓಡಿಸುತ್ತಾ ಕೈಯಲ್ಲಿ ಮೊಬೈಲ್ ಹಿಡಿಯುವುದಕ್ಕೆ 2019ರ ಜುಲೈ 1ರಿಂದ ನಿಷೇಧವಿದೆ, ದಂಡ 150 ಯೂರೋಗೂ ಹೆಚ್ಚು. ದಾರಿ ನೋಡಬೇಕೆಂದರೆ ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸುವ ಹಿಡಿಕೆ ಕೇಳಿ, ಇಲ್ಲವೇ ಪಕ್ಕಕ್ಕೆ ನಿಲ್ಲಿ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಉರಿಯಲೇಬೇಕು, ಮಿಣುಕುವ ದೀಪ ನಡೆಯದು. ಸಾದಾ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯವಲ್ಲ.

ಮೊದಲ ಸವಾರಿಗೆ ಊರ ನಡುವಿನ ಕಾಲುವೆ ಬೀದಿಗಳನ್ನು ಆರಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸೆಂಟ್ರಲ್ ನಿಲ್ದಾಣದ ಹಿಂಬದಿಗೆ ಹೋಗಿ. ಐ ಅನ್ನುವ ನೀರನ್ನು ದಾಟಿಸುವ ದೋಣಿಗಳು ಅಲ್ಲಿವೆ, ಸೈಕಲ್ ಸಮೇತ ಉಚಿತ. ಬೌಕ್ಸ್‌ಲೋಟರ್‌ವೇಖ್‌ಗೆ ಹೋಗುವ ದೋಣಿ ಕೆಲವೇ ನಿಮಿಷದಲ್ಲಿ ಆಚೆ ದಡ ಮುಟ್ಟಿಸುತ್ತದೆ. ಅಲ್ಲಿಂದ ಪೂರ್ವಕ್ಕೆ ನಿಯುವೆಂಡಾಮರ್‌ಡೈಕ್ ಅನ್ನುವ ಹಳೆಯ ಏರಿಯ ಮೇಲೆ, ಮರದ ಮನೆಗಳ ಪಕ್ಕದಲ್ಲೇ ದುರ್ಖರ್‌ಡಾಮ್ ಹಳ್ಳಿಯವರೆಗೆ ಹೋಗಬಹುದು. ಟ್ರಾಮ್ ಹಳಿ ಇಲ್ಲ, ದಟ್ಟಣೆಯೂ ಕಡಿಮೆ. ಸೈಕಲ್ ದಾರಿಗಳು ಕೂಡುವ ಕಡೆ ಸಂಖ್ಯೆ ಬರೆದ ಫಲಕಗಳಿರುತ್ತವೆ, ಅಂಥ ಕೂಡುಸ್ಥಳಗಳ ಜಾಲವೇ ಇದೆ. ನಕ್ಷೆ ನೋಡಿ ನಾಲ್ಕು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡರೆ ಮೊಬೈಲ್ ತೆಗೆಯುವ ಕೆಲಸವೇ ಇಲ್ಲ. ಗುಡ್ಡ ಇಲ್ಲದ ನಾಡು, ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಹೋಗುವಾಗ ಎದುರುಗಾಳಿ ಸಿಗುವ ಹಾಗೆ ದಿಕ್ಕು ಆರಿಸಿಕೊಳ್ಳಿ, ದಣಿದು ಮರಳುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ.

ಹಿಂದಿರುಗಿಸುವಾಗ ಅಂಗಡಿ ಮುಚ್ಚಲು ಅರ್ಧ ಗಂಟೆ ಇರುವಂತೆಯೇ ಹೋಗಿ, ಸಂಜೆ ಅಲ್ಲಿ ಸಾಲು ಇರುತ್ತದೆ. ತೆಗೆದುಕೊಂಡಾಗಲೇ ಮಡ್‌ಗಾರ್ಡು, ದೀಪ, ಚೈನು ಡಬ್ಬಿಯ ಹಳೆಯ ಗೀರುಗಳ ಫೋಟೋ ತೆಗೆದಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಎರಡೂ ಕೀಲಿ ಕೊಟ್ಟು ರಸೀದಿ ಕೇಳಿ ಪಡೆಯಿರಿ. ಕಾರ್ಡಿನಲ್ಲಿ ತಡೆಹಿಡಿದ ಠೇವಣಿ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು; ಅಷ್ಟರವರೆಗೆ ಆ ರಸೀದಿ ಬಿಸಾಡಬೇಡಿ.

ನಮಸ್ಕಾರ.