ಡಿಗ್ರಿಯಲ್ಲಿ ಸಿನಿಮಾ ಓದ್ತೀನಿ ಅಂದ ಹುಡುಗಿ

ನಮಸ್ಕಾರ. ಹೋದ ವಾರ ಬ್ಯಾಡಗಿ ಕಡೆಯ ಒಬ್ಬ ಹುಡುಗಿ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದಳು. ಪಿಯುಸಿ ಮುಗಿದಿದೆ. ಡಿಗ್ರಿಯಲ್ಲಿ ಸಿನಿಮಾನೇ ಮುಖ್ಯ ವಿಷಯವಾಗಿ ಓದಬೇಕು ಅಂತ ಆಸೆ. ಮನೆಯಲ್ಲಿ ಹೇಳಿದ್ದಾಳೆ. ಅಪ್ಪ ಬೈಲಿಲ್ಲ. "ಧಾರವಾಡದಾಗ ಇದ್ರ ಓದವಾ, ಪುಣೆ ಬೆಂಗಳೂರು ಬ್ಯಾಡ" ಅಂದರಂತೆ. ಅವಳ ಪ್ರಶ್ನೆ ಒಂದೇ: ಧಾರವಾಡದಲ್ಲಿ ಎಲ್ಲಿ ಓದಲಿ?

ಎರಡು ದಿನ ನನಗೆ ಉತ್ತರ ಕೊಡಲಿಕ್ಕೇ ಆಗಲಿಲ್ಲ.

ಧಾರವಾಡದ ಸಪ್ತಾಪುರ ಬಡಾವಣೆಗೆ ಹೋಗಿ ನೋಡಿ. ಗದಗ, ಹಾವೇರಿ, ಬಾಗಲಕೋಟೆಯಿಂದ ಬಂದ ಮಕ್ಕಳು ರೂಮ್ ಮಾಡಿಕೊಂಡು ಇದ್ದಾರೆ. ಕೆಎಎಸ್, ಪಿಎಸ್‌ಐ, ಬ್ಯಾಂಕ್, ಏನು ಬೇಕೋ ಅದಕ್ಕೆ ಕೋಚಿಂಗ್ ಇದೆ. ಇಷ್ಟು ಮಕ್ಕಳನ್ನು ಓದಿಸುವ ಊರಲ್ಲಿ ಅವಳಿಗೂ ಒಂದು ಕುರ್ಚಿ ಬೇಕು ಅಲ್ವಾ?

ಧಾರವಾಡದಲ್ಲಿ ಡಿಗ್ರಿಗೆ ಸಿನಿಮಾ ಕಲಿಸಬೇಕು ಅಂತ ಹೇಳಿದಾಗೆಲ್ಲ ಒಂದು ಮಾತು ಬಂದೇ ಬರುತ್ತದೆ. ಗಿರೀಶ ಕಾರ್ನಾಡರು ಇದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಓದಿದ್ದು ಫಾರ್ಮಸಿ. ಅವರೇನು ಡಿಗ್ರಿಯಲ್ಲಿ ಸಿನಿಮಾ ಓದಿದ್ರಾ? ಓದಲಿಲ್ಲ, ನಿಜ. ಆದರೆ ಕಾಸರವಳ್ಳಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕ್ರಮವಾಗಿ ಕಲಿತರು. ಅದೇ ಇನ್‌ಸ್ಟಿಟ್ಯೂಟ್‌ಗೆ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿದ್ದರು. ಸಿನಿಮಾವನ್ನು ಕೂತು ಕಲಿಯಬೇಕು ಅನ್ನೋದಕ್ಕೆ ಇವರಿಬ್ಬರೇ ಸಾಕ್ಷಿ.

ಪುಣೆಯಲ್ಲಿ ಇವತ್ತಿಗೂ ಡೈರೆಕ್ಷನ್ ಕಲಿಯಬೇಕಾದರೆ ಮೊದಲು ಯಾವುದಾದರೂ ಒಂದು ಡಿಗ್ರಿ ಮುಗಿದಿರಬೇಕು. ಅಂದರೆ ಇಪ್ಪತ್ತೊಂದು ವರ್ಷದವರೆಗೆ ಕಾಯಬೇಕು. ಹುಡುಗನಾದರೆ ಕಾಯಬಹುದು. ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ಇಪ್ಪತ್ತೊಂದು ಅಂದರೆ ಮನೆಗೆ ವರನ ಕಡೆಯವರು ಬರೋ ವಯಸ್ಸು. ಹದಿನೆಂಟಕ್ಕೆ ಧಾರವಾಡದ ಹಾಸ್ಟೆಲ್ಲಿಗೆ ಕಳಿಸೋ ಅಪ್ಪ, ಇಪ್ಪತ್ತೊಂದಕ್ಕೆ ಪುಣೆಗೆ ಕಳಿಸುತ್ತಾರಾ? ಅದಕ್ಕೇ ನಾನು ಡಿಗ್ರಿ, ಡಿಗ್ರಿ ಅಂತ ಬಡಿದುಕೊಳ್ಳೋದು. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇದ್ದರೆ ಮಾತ್ರ ಅವಳಿಗೆ ಅದು ಸಿಗುತ್ತದೆ.

ನಾನು ಡಿಗ್ರಿ ಓದುವಾಗ ಜರ್ನಲಿಸಂ ಪೇಪರ್‌ನಲ್ಲಿ ಸಿನಿಮಾ ಅಂತ ಒಂದು ಘಟಕ ಇತ್ತು. ನೋಟ್ಸ್ ಬರೆಸಿದರು. ಲಾಂಗ್ ಶಾಟ್ ಎಂದರೇನು, ಕ್ಲೋಸಪ್ ಎಂದರೇನು, ಐದು ಅಂಕಕ್ಕೆ ಉತ್ತರಿಸಿ. ವರ್ಷ ಪೂರ್ತಿ ಒಂದೇ ಒಂದು ಸಿನಿಮಾ ತೋರಿಸಲಿಲ್ಲ. ಹಾರ್ಮೋನಿಯಂ ಮುಟ್ಟಿಸದೇ ಸಂಗೀತ ಕಲಿಸಿದ ಹಾಗೆ. ಮನ್ಸೂರರ ಊರಲ್ಲಿ, ಗಂಗೂಬಾಯಿಯವರ ಊರಲ್ಲಿ ಹಾಗೆ ಸಂಗೀತ ಕಲಿಸಿದರೆ ಜನ ಸುಮ್ನೆ ಇರ್ತಾರಾ?

ನನಗೆ ಕಣ್ಣು ತೆರೆದಿದ್ದು ಕಾಲೇಜು ಬಿಟ್ಟ ಮೇಲೆ, ಒಂದು ಪ್ರಯೋಗದ ಬಗ್ಗೆ ಓದಿದಾಗ. ಸುಮಾರು 100 ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅಂತ ಒಬ್ಬರು ಇದ್ದರು. 1919ರಲ್ಲಿ ಶುರುವಾದ ಮಾಸ್ಕೋ ಸಿನಿಮಾ ಶಾಲೆಯ ಮೇಷ್ಟ್ರು. ಒಬ್ಬ ನಟನ ಒಂದೇ ಮುಖ ತಗೊಂಡರು. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು ಕಂಡಿತು, ದುಃಖ ಕಂಡಿತು, ಆಸೆ ಕಂಡಿತು. ಮುಖ ಮಾತ್ರ ಬದಲಾಗಿರಲಿಲ್ಲ.

ನಾನೂ ಮಾಡಿ ನೋಡಿದೆ. ಪಕ್ಕದ ಮನೆಯ ಅಜ್ಜ ಕಟ್ಟೆ ಮೇಲೆ ಕೂತಿದ್ದರು. ಫೋನ್‌ನಲ್ಲಿ ಹತ್ತು ಸೆಕೆಂಡ್ ಅವರ ಮುಖ ತೆಗೆದೆ. ಆಮೇಲೆ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ. ಎರಡನ್ನೂ ಜೋಡಿಸಿದೆ. ಅಜ್ಜ ಹಸಿದಿದ್ದಾರೆ ಅನ್ನಿಸಿತು. ರೊಟ್ಟಿ ತೆಗೆದು ಆಸ್ಪತ್ರೆಯ ಚೀಟಿ ಹಾಕಿದೆ. ನನಗೆ ಅಳು ಬಂತು. ಅಜ್ಜನಿಗೆ ಏನೂ ಆಗಿರಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು ಅಷ್ಟೇ. ಅವತ್ತು ನನಗೆ ಹೆದರಿಕೆಯೂ ಆಯಿತು. ದಿನಾ ಫೋನ್‌ನಲ್ಲಿ ನೋಡೋ ನೂರಾರು ವಿಡಿಯೋದಲ್ಲಿ ಯಾರೋ ಹೀಗೇ ಜೋಡಿಸಿ ನನ್ನನ್ನು ಅಳಿಸುತ್ತಿದ್ದಾರೆ, ಸಿಟ್ಟು ಬರಿಸುತ್ತಿದ್ದಾರೆ. ಇದನ್ನು ಹದಿನೆಂಟಕ್ಕೇ ಕಲಿಸಬೇಕೋ ಬೇಡವೋ?

ದುಡ್ಡು ಎಲ್ಲಿಂದ ಅಂತೀರಾ? ಶುರುವಿನಲ್ಲಿ ಕುಲೆಶೋವ್ ಕೈಯಲ್ಲಿ ಕ್ಯಾಮೆರಾಕ್ಕೆ ಹಾಕೋ ಫಿಲ್ಮೇ ಸರಿಯಾಗಿ ಇರಲಿಲ್ಲ. ಆಗ ಅಲ್ಲಿ ಅದರ ಬರ. ಫಿಲ್ಮ್ ಇಲ್ಲದೇ ನಾಟಕದ ಹಾಗೆ ದೃಶ್ಯಗಳನ್ನು ಆಡಿಸಿ ಕಲಿಸಿದರು. ನಮ್ಮ ಮಕ್ಕಳ ಜೇಬಿನಲ್ಲಿ ಕ್ಯಾಮೆರಾ ಇದೆ. ಒಂದು ಕತ್ತಲೆ ಕೋಣೆ, ಒಂದು ಒಳ್ಳೇ ಪ್ರೊಜೆಕ್ಟರ್, ಒಳ್ಳೇ ಸ್ಪೀಕರ್. ಮತ್ತೆ ಸಿನಿಮಾ ನಿಲ್ಲಿಸಿ ನಿಲ್ಲಿಸಿ ಮಾತಾಡಬಲ್ಲ ಒಬ್ಬ ಮೇಷ್ಟ್ರು. ಅದೊಂದು ಸ್ವಲ್ಪ ಕಷ್ಟ, ಒಪ್ಪುತ್ತೇನೆ.

ಕೆಲಸದ ಮಾತು. ಡಿಗ್ರಿ ಕೈಗೆ ಬಂದ ತಕ್ಷಣ ಯಾರೂ ಡೈರೆಕ್ಟರ್ ಆಗುವುದಿಲ್ಲ. ಎಡಿಟಿಂಗ್, ಸೌಂಡ್, ಸಬ್‌ಟೈಟಲ್, ಬರವಣಿಗೆ ಇದೆ, ಪಾಠ ಮಾಡಬಹುದು. ಜೊತೆಗೆ ಇತಿಹಾಸವನ್ನೋ ಕನ್ನಡವನ್ನೋ ಗಟ್ಟಿಯಾಗಿ ಓದಿ ಅಂತ ನಾನೇ ಹೇಳುತ್ತೇನೆ. ಇತಿಹಾಸದಲ್ಲಿ ಬಿಎ ಮಾಡಿದವರೂ ಕೆಲಸ ಹುಡುಕಲೇಬೇಕಲ್ಲ?

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ ಬಂತು. ಶೂಟಿಂಗ್ ಆಗಿದ್ದು ಎಲ್ಲಿ ಗೊತ್ತಾ? ಕೊಲ್ಲಾಪುರದಲ್ಲಿ. ಧಾರವಾಡದವರಿಗೆ ಬೆಂಗಳೂರಿಗಿಂತ ಹತ್ತಿರದ ಊರು. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಗದಗ, ಹುಬ್ಬಳ್ಳಿಯಲ್ಲಿ ಪ್ರೊಜೆಕ್ಟರ್ ಓಡಿಸಿದವರಿಗೆ, ಟೂರಿಂಗ್ ಟಾಕೀಸ್ ಹಿಂದೆ ಊರೂರು ಸುತ್ತಿದವರಿಗೆ ಈಗ ವಯಸ್ಸಾಗಿದೆ. ಯಾರು ಹೋಗಿ ಅವರ ಮಾತು ಕೇಳಿ ಬರೆದಿಡುತ್ತಾರೆ? ಸಿನಿಮಾ ಓದುವ ಮೂವತ್ತು ಮಕ್ಕಳು ಇಲ್ಲಿ ಇದ್ದಿದ್ದರೆ ಅದು ಅವರ ಮೊದಲ ವರ್ಷದ ಕೆಲಸ ಆಗುತ್ತಿತ್ತು.

ನಮ್ಮ ಮಾತಿನ ಕಥೆಯೂ ಅಷ್ಟೇ. ತೆರೆ ಮೇಲೆ ಧಾರವಾಡ ಕನ್ನಡ ಬಂದರೆ ಜಾಸ್ತಿ ಸಲ ಅದು ನಗಿಸಲಿಕ್ಕೇ ಬಂದಿರುತ್ತದೆ. ನಮ್ಮ ಅವ್ವ ಅಳುವುದೂ ಅದೇ ಕನ್ನಡದಲ್ಲಿ. ಅದನ್ನು ತೋರಿಸಬೇಕಾದವರು ನಾವೇ.

ಆ ಹುಡುಗಿಗೆ ಕೊನೆಗೆ ಉತ್ತರ ಬರೆದೆ. ಈಗ ಕನ್ನಡ, ಇತಿಹಾಸ ಇರೋ ಬಿಎ ಸೇರು, ಜೊತೆಗೆ ವಾರಕ್ಕೆ ಒಂದು ಸಿನಿಮಾ ನೋಡಿ ಮಾತಾಡೋಣ, ಮೊದಲು ನಿಮ್ಮ ಮನೆಯಲ್ಲಿ ಒಂದು ನಿಮಿಷ ತೆಗೆದು ಕಳಿಸು ಅಂದೆ. ಮರುದಿನವೇ ಕಳಿಸಿದಳು. ಅವರ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಾರೆ. ಮುಖ ತೋರಿಸಿಲ್ಲ. ಕೆಂಪಾದ ಬೆರಳು, ಪಕ್ಕದಲ್ಲಿ ಬೆಳೆಯುತ್ತಿರುವ ಗುಡ್ಡೆ. ನಲವತ್ತನೇ ಸೆಕೆಂಡಿಗೆ ಘಾಟು ಹತ್ತಿ ಒಂದು ಕೆಮ್ಮು ಕೇಳುತ್ತದೆ. ಬೆರಳು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

ಕೆಳಗೆ ಬರೆದಿದ್ದಳು: "ಕೆಮ್ಮು ತೆಗೀಲಾ, ಇಡ್ಲಾ?"

ಇಡು ಅಂದೆ.